ಸರದಿ ಸಂಖ್ಯೆ ಇನ್ನೂರ ಹದಿನಾಲ್ಕು

ಫೋನನ್ನು ಸೈಲೆನ್ಸರಿನ ಬಾಯಿಗೆ ಹಿಡಿ, ಅಂದಳು ದ್ರಾಹೊಮೀರಾ.
ಹಿಡಿದೆ,
ನೆಲಕ್ಕೆ ಮಂಡಿಯೂರಿ, ಕೈ ಚಾಚಿ,
ಹಸುಗೂಸಿಗೆ ಹಾಲು ಕುಡಿಸುವವನ ಹಾಗೆ.

ಗಾಡಿ ಅವಳದು. ಜಾವಾ, ಇನ್ನೂರೈವತ್ತು.
ಕಪ್ಪಿಗೆ ತಿರುಗಿದ ಚೆರ್ರಿಯ ಕೆಂಪು,
ಟ್ಯಾಂಕಿನ ಎಡಗೆನ್ನೆಯಲ್ಲಿ ಒಂದು ತಗ್ಗು:
ಅರವತ್ತೊಂದರ ಚಳಿಗಾಲ, ಸಾಜಾವಾ ಸೇತುವೆಯ ಮೇಲೆ ಮಂಜುಗಡ್ಡೆ.
ಆ ತಗ್ಗು ಎತ್ತಿಕೊಡಲೇ ಎಂದು ನಾಲ್ಕು ಸಲ ಕೇಳಿದ್ದೇನೆ.
ನಾಲ್ಕು ಸಲವೂ ಬೈಸಿಕೊಂಡಿದ್ದೇನೆ.

ಕೊಂಡ ಕಥೆಯನ್ನು ಅವಳು ಹೇಳುವುದು ಒಂದೇ ರೀತಿ:
ಗಾಜಿನ ಕಾರ್ಖಾನೆಯಲ್ಲಿ ಬಟ್ಟಲುಗಳಿಗೆ ಹೂ ಕೊರೆದು ಕೂಡಿಟ್ಟ ದುಡ್ಡು,
ಸರ್ಕಾರಿ ಅಂಗಡಿಯ ಕಿಟಕಿ,
ಕಿಟಕಿಯಾಚೆ ತಲೆಯೆತ್ತದ ಗುಮಾಸ್ತ,
ಅವನು ಹರಿದು ಕೊಟ್ಟ ಚೀಟಿ. ಇನ್ನೂರ ಹದಿನಾಲ್ಕು.
ಮೂರು ವರ್ಷ.
ಅಷ್ಟರಲ್ಲಿ ಇಬ್ಬರು ಗಂಡಸರು ಬಂದು ಕೇಳಿ ಹೋದರು,
ಅವಳನ್ನಲ್ಲ, ಚೀಟಿಯನ್ನು.
ಯಾವ ಬಣ್ಣ ಬೇಕು ಅಂತ ಯಾರೂ ಕೇಳಲಿಲ್ಲ;
ಬಂದದ್ದೇ ಬಣ್ಣ.
ಕಾಯುತ್ತಲೇ ಓಡಿಸಲು ಕಲಿತಳಂತೆ,
ಅಡುಗೆಮನೆಯ ಸ್ಟೂಲಿನ ಮೇಲೆ ಕೂತು
ಎಡಗಾಲಲ್ಲಿ ಇಲ್ಲದ ಗೇರು ಬದಲಿಸುತ್ತಾ.

ಈಗ ಕೊಳ್ಳುವವನು ತಾಲಿನ್ ನಗರದ ಯೋನಾಸ್.
ಹನ್ನೊಂದು ಗಾಡಿ ಇವೆಯಂತೆ, ಹನ್ನೊಂದೂ ಕೊಂಡದ್ದು ಹೀಗೇ:
ಹಾಸಿಗೆಯಲ್ಲಿ ಮಲಗಿ, ಹೆಬ್ಬೆರಳಿನಿಂದ.
ಹಣ ಹೋಗುತ್ತದೆ, ವ್ಯಾನು ಬರುತ್ತದೆ,
ಒಳಗಿರುವುದು ಗಾಡಿಯೋ ಫ್ರಿಜ್ಜೋ ಡ್ರೈವರಿಗೂ ಗೊತ್ತಿರುವುದಿಲ್ಲ.
ನಾನು ನಗುವ ಹಾಗಿಲ್ಲ. ಪಿಸ್ಟನ್ ರಿಂಗು ನಾನೂ ತರಿಸುವುದು ಹಾಗೇ,
ಕಳೆದ ವಾರ, ರಾತ್ರಿ ಒಂದು ಗಂಟೆಗೆ, ಬೇಡದ ಒಂದು ಹೆಡ್‌ಲೈಟನ್ನೂ.

ಹುಡುಗ ಒಳ್ಳೆಯವನೇ. ಚೌಕಾಸಿ ಮಾಡಲಿಲ್ಲ.
ಅವನದು ಮುರುಕು ಜರ್ಮನ್, ಇವಳದು ತುಕ್ಕು ಹಿಡಿದ ಜರ್ಮನ್.
ಕೇಳಿದ್ದು ಒಂದೇ: ಎಂಜಿನ್ನಿನ ದನಿ ಕೇಳಿಸಿ.

ಪೆಟ್ರೋಲಿಗೆ ಎಣ್ಣೆ ಬೆರೆಸಿದೆ, ಇಪ್ಪತ್ತೈದಕ್ಕೆ ಒಂದು.
ಕಾರ್ಬುರೇಟರಿನ ಗುಂಡಿ ಒತ್ತಿದೆ, ಬೆರಳು ಒದ್ದೆಯಾಗುವವರೆಗೆ.
ಗೇರಿನ ಕಡ್ಡಿಯನ್ನೇ ಒಳಕ್ಕೊತ್ತಿ ಹಿಂದೆ ತಿರುಗಿಸಿದರೆ ಅದೇ ಕಿಕ್ಕರ್.
ಒಂದೇ ಜೀವ, ಎರಡು ಕೆಲಸ;
ಬಡವರ ಮನೆಯ ಹಿರಿಮಗಳು, ಅನ್ನುತ್ತಾಳೆ ಅದನ್ನು.
ಮೂರನೇ ಒದೆತಕ್ಕೆ ಹೊತ್ತಿತು.
ನೀಲಿ ಹೊಗೆ. ಶೆಡ್ಡಿನ ತಗಡು ನಡುಗಿತು,
ಡಬ್ಬಿಯೊಳಗೆ ನಟ್ಟುಗಳು ತಾಳ ಹಾಕಿದವು,
ಪಕ್ಕದ ಮನೆಯ ನಾಯಿ ಎದ್ದು ಜಾಗ ಬದಲಿಸಿತು.

"ಕೇಳಿಸಿತಾ?"
"ಕೇಳಿಸ್ತಿದೆ. ನಿಮ್ಮ ಮಾತು ತುಂಬಾ ಸ್ಪಷ್ಟ," ಅಂದ ಯೋನಾಸ್.
"ಎಂಜಿನ್ ಯಾವಾಗ ಶುರು ಮಾಡ್ತೀರಿ?"

ಫೋನಿಗೆ ಬುದ್ಧಿ ಜಾಸ್ತಿ.
ಮಾತು ಯಾವುದು ಗದ್ದಲ ಯಾವುದು ಅದಕ್ಕೆ ಗೊತ್ತು;
ಗದ್ದಲವನ್ನು ಸೋಸಿ ಚೆಲ್ಲುತ್ತದೆ, ಚಹಾದ ಚರಟದ ಹಾಗೆ.
ಅರವತ್ತು ಚಿಲ್ಲರೆ ವರ್ಷದ ಡಬಡಬವನ್ನೆಲ್ಲ ಚೆಲ್ಲಿ
ತಾಲಿನ್ನಿಗೆ ಅದು ಕಳಿಸಿದ್ದು
ಮುದುಕಿಯೊಬ್ಬಳ ಉಸಿರು ಮಾತ್ರ.

ಇನ್ನೆರಡು ಸಲ ನೋಡಿದೆವು. ಬಕೆಟ್ಟಿನೊಳಗಿಟ್ಟು, ಸೀಟಿನ ಮೇಲಿಟ್ಟು.
ಕೊನೆಗೆ ಅವಳೇ ಕೀಲಿ ತಿರುಗಿಸಿ ಆರಿಸಿದಳು.
"ಬಂದು ಒದ್ದು ನೋಡು."
ಅವನು ವ್ಯಾನು ಬರುವ ತಾರೀಖು ಹೇಳಿದ.
"ವ್ಯಾನಲ್ಲ. ನೀನು."

ಬಿಸ್ಕತ್ತಿನ ಡಬ್ಬಿಯಿಂದ ಹಳೇ ಚೀಟಿ ತೆಗೆದು, ಮಗುಚಿ,
ಪೆನ್ಸಿಲ್ಲಿನಲ್ಲಿ ಬರೆದಳು, ಬರೆಯುತ್ತಲೇ ಓದಿ ಹೇಳಿದಳು:
"ಒಂದು. ಯೋನಾಸ್.
ನಿನ್ನ ಹಿಂದೆ ಮುಂದೆ ಯಾರೂ ಇಲ್ಲ ಮಗಾ, ಪುಣ್ಯವಂತ."
ಅವನು ಬಹಳ ಹೊತ್ತು ಮಾತಾಡಲಿಲ್ಲ.
ಅದೂ ತುಂಬಾ ಸ್ಪಷ್ಟವಾಗಿ ಕೇಳಿಸಿತು.

"ಎರಡು ಅಂತ ನನ್ನ ಹೆಸರು ಬರಿ," ಅಂದೆ,
ಯೋಚಿಸುವ ಮೊದಲೇ.
ಬರೆದಳು. ತಲೆ ಎತ್ತಲಿಲ್ಲ, ಆ ಗುಮಾಸ್ತನ ಹಾಗೆ.

ಏಪ್ರಿಲ್ ಬಂತು. ಬೀದಿಯಲ್ಲಿ ಪರವೂರ ನಂಬರ್ ಪ್ಲೇಟು ಕಂಡರೆ
ಕೈಯ ಸ್ಪ್ಯಾನರ್ ಹಾಗೇ ನಿಲ್ಲುತ್ತದೆ.
ಬರಲಿ ಪಾಪ, ಅನಿಸುತ್ತದೆ.
ಬಾರದಿರಲಿ, ಅಂತಲೂ.
ಗಾಡಿ ಓಡಿಸಲು ಬಾರದವನೇನಲ್ಲ ನಾನು, ಆದರೂ
ನಿನ್ನೆ ಊಟದ ಮೇಜಿನಡಿಯಲ್ಲಿ ನೋಡಿಕೊಂಡೆ:
ಎಡಗಾಲು ತಾನಾಗಿ ಎರಡನೇ ಗೇರಿಗೆ ಹೋಗಿತ್ತು.